ಅವ್ವ ಹೊತ್ತುಕೊಂಡ ಕಾಯಿಲೆ

ನಮ್ಮ ಮನೆಯಲ್ಲಿ ‘ಸಾಯ್ತೇನಿ’ ಎನ್ನುವ ಮಾತಿಗೆ ಕಿಮ್ಮತ್ತೇ ಇರಲಿಲ್ಲ. ರೊಟ್ಟಿ ಸೀದು ಹೋದರೆ ಅವ್ವ ಸಾಯುತ್ತಿದ್ದಳು. ಎಲೆಅಡಿಕೆಯ ಚೀಲ ಕೈಗೆ ಸಿಗದಿದ್ದರೆ ಆಯಿ, ಅಂದರೆ ಅಪ್ಪನ ತಾಯಿ, ಸಾಯುತ್ತಿದ್ದಳು. ಗೆಳತಿಯರ ಜೊತೆ ಬಾದಾಮಿಯ ಗುಹೆ ನೋಡಲು ಕಳಿಸದಿದ್ದರೆ ನಾನು ಸಾಯುತ್ತಿದ್ದೆ, ಅದೂ ಓಣಿಗೆಲ್ಲ ಕೇಳುವಂತೆ. ನನ್ನ ಬಾಯಿ ಸಣ್ಣದಲ್ಲ. ಆಗಲೂ ಅಲ್ಲ, ಈಗಲೂ ಅಲ್ಲ. ಅತ್ತು ಕರೆದು, ಒಬ್ಬರಿಗೊಬ್ಬರು ಬೈದು, ಮೂಗು ಒರೆಸಿಕೊಂಡು ಸಂಜೆಗೆ ಮೂವರೂ ಮತ್ತೆ ಒಲೆಯ ಮುಂದೆ ಕೂತು ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಈ ಮಾತನ್ನು ಎಂದೂ ಆಡದವರು ಮನೆಯಲ್ಲಿ ಇಬ್ಬರು, ಅಪ್ಪ ಮತ್ತು ನನಗಿಂತ ಎರಡು ವರ್ಷಕ್ಕೆ ಸಣ್ಣವನಾದ ತಮ್ಮ ಮಾಂತೇಶ. ಗಂಡಸರು ಅಂಥ ಮಾತು ಆಡುವುದಿಲ್ಲ ಎಂದು ನಮಗೆ ಗೊತ್ತಿತ್ತು. ಆಡುವುದಿಲ್ಲ ಎಂದ ಮೇಲೆ ಅವರಿಗೆ ಹಾಗೆ ಅನ್ನಿಸುವುದೂ ಇಲ್ಲ ಎಂದು ನಾವಾಗಿಯೇ ಸೇರಿಸಿಕೊಂಡಿದ್ದೆವು. ಇದನ್ನು ನಮಗೆ ಮೊದಲು ಕಲಿಸಿದವರು ಯಾರೋ, ಅವರ ಬಾಯಿಗೆ ಮಣ್ಣು ಬೀಳಲಿ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮದು ಉದ್ದಕ್ಕೆ ಒಳಗೆ ಹೋಗುವ ಮನೆ. ಬಾಗಿಲು ದಾಟಿದ ಕೂಡಲೇ ಪಡಸಾಲೆ, ಅಲ್ಲೇ ನೆಲದಲ್ಲಿ ತೋಡಿದ ಕುಣಿ, ಕುಣಿಯ ಮೇಲೆ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಸೀರೆ ನೇಯುತ್ತಿದ್ದ. ಅದರಾಚೆ ನಡುಮನೆ, ಅಲ್ಲಿ ಅವ್ವ ಮತ್ತು ಆಯಿ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಆಮೇಲೆ ಅಡಿಗೆಮನೆ, ಕೊನೆಗೆ ಬಚ್ಚಲು. ಗಂಡಸರು ಮುಂದೆ, ಹೆಂಗಸರು ಹಿಂದೆ, ನಡುವೆ ಒಂದು ದಪ್ಪ ಗೋಡೆ. ಹಾಗಾಗಿ ನಾವು ಅಪ್ಪನನ್ನು ನೋಡುತ್ತಿದ್ದುದಕ್ಕಿಂತ ಕೇಳಿಸಿಕೊಳ್ಳುತ್ತಿದ್ದುದೇ ಹೆಚ್ಚು. ಮಗ್ಗದ ಸಪ್ಪಳ ಕೇಳಿಯೇ ಆಯಿ ಎಲ್ಲ ಹೇಳಿಬಿಡುತ್ತಿದ್ದಳು. ಬಡಿತ ಗಡಸಾಯಿತೋ, ಅಪ್ಪನಿಗೆ ಯಾರದೋ ಜೊತೆ ಮಾತಿಗೆ ಮಾತು ಬೆಳೆದಿದೆ. ಬಿಟ್ಟು ಬಿಟ್ಟು ಬಂತೋ, ಮೈಯಲ್ಲಿ ಜ್ವರ. ಒಂದೇ ಸಮ ಬಂದರೆ ಎಲ್ಲ ಆರಾಮ. ಗಂಡಸರನ್ನು ಹೇಗಿದ್ದೀ ಎಂದು ಕೇಳುವ ರೂಢಿಯೇ ನಮ್ಮ ಮನೆಗಳಲ್ಲಿ ಇರಲಿಲ್ಲ, ಮಗ್ಗವೇ ಹೇಳುತ್ತದಲ್ಲ! ಬಟ್ಟೆಯೂ ಹೇಳುತ್ತದೆ ಎಂದು ಅಪ್ಪ ನಂಬಿದ್ದ. ಮನಸ್ಸು ಕೆಟ್ಟವನ ಕೈ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗುತ್ತದೆ, ಸೀರೆಯನ್ನು ಬೆಳಕಿಗೆ ಹಿಡಿದರೆ ಅದು ಕಾಣದೇ ಇರುವುದಿಲ್ಲ ಎನ್ನುತ್ತಿದ್ದ. ಗೋಡೆಯ ಈಚೆ ನಮ್ಮ ಕಡೆ ದುಃಖಕ್ಕೆ ಎಷ್ಟು ಹೆಸರುಗಳಿದ್ದವು: ಹಳಹಳಿ, ತಳಮಳ, ಬ್ಯಾಸರ, ಸಂಕಟ, ಕಸಿವಿಸಿ. ಆಚೆ ಕಡೆ ಇದ್ದದ್ದು ಒಂದೇ, ಸಿಟ್ಟು. ಅದನ್ನು ಬಿಟ್ಟು ಬೇರೆ ಏನಾದರೂ ಆದರೆ ಗಂಡಸರು ಅದಕ್ಕೂ ಸಿಟ್ಟು ಎಂದೇ ಹೆಸರಿಟ್ಟುಕೊಂಡು ತಾಟು ಒಗೆಯುತ್ತಿದ್ದರು.

ಎದುರು ಸಾಲಿನ ನೀಲಾ ಮಾಂತೇಶನ ವಾರಗೆಯವಳು. ಒಂದೇ ಶಾಲೆಯಲ್ಲಿ ಒಟ್ಟಿಗೆ ಬೆಳೆದವರು. ಶಾಲೆ ಬಿಟ್ಟ ಮೇಲೆ ನಮ್ಮ ನಡುಮನೆಗೆ ಬಂದು ಅವ್ವನ ಪಕ್ಕ ರಾಟಿಗೆ ಕೂಡುವಳು. ಇವನು ನೂಲಿನ ಗಂಟು ಬಿಡಿಸಿಕೊಡುತ್ತ ಕೂಡುವನು. ಇಬ್ಬರ ಮಾತು ಮುಗಿಯುತ್ತಲೇ ಇರಲಿಲ್ಲ. ಪ್ರೀತಿ ಗೀತಿ ಏನೂ ಅಲ್ಲ, ಸುಮ್ಮನೆ ಮಾತು. ಮಾಸ್ತರರ ಅಣಕ, ಕ್ರಿಕೆಟ್ಟು, ಯಾರ ಮನೆಯ ನಾಯಿ ಮರಿ ಹಾಕಿತು ಎನ್ನುವುದು. ಹತ್ತನೆಯ ತರಗತಿ ಮುಗಿದ ಮೇಲೆ ನೀಲಾಳನ್ನು ಮನೆಯಲ್ಲಿ ಕೂಡಿಸಿದರು, ಇವನನ್ನು ಕಾಲೇಜಿಗೆ ಹಚ್ಚಿದರು. ಆ ಆಷಾಢದಲ್ಲಿ ನೀಲಾ ತನ್ನ ಜೀವ ತಾನೇ ಕಳೆದುಕೊಂಡಳು. ಹೇಗೆ ಎನ್ನುವುದನ್ನು ನಾನು ಬರೆಯುವುದಿಲ್ಲ. ಓಣಿ ಅದನ್ನು ಆಗಲೇ ಬೇಕಾದಷ್ಟು ಚಪ್ಪರಿಸಿದೆ. ಸುದ್ದಿ ಬಂದಾಗ ಮಾಂತೇಶ ಪಡಸಾಲೆಯ ಕಂಬ ಹಿಡಿದು ನಿಂತು ಗಳಗಳ ಅತ್ತ. ಹದಿನಾರರ ಹುಡುಗ, ಆಗಷ್ಟೇ ಮೀಸೆ ಚಿಗುರುತ್ತಿತ್ತು. ಅಪ್ಪ ಕೆಟ್ಟವನಲ್ಲ, ಆದರೆ ಬಾಗಿಲ ಹೊರಗೆ ಮಂದಿ ನಿಂತಿದ್ದರು.

“ಗಂಡಸಾಗಿ ಹೆಂಗಸರಂಗ ಅಳ್ತೀಯೇನಲೇ? ಮಂದಿ ಏನ ತಿಳಕೊಂಡಾರು? ಮಾರಿ ತೊಳಕೊ. ಹೋಗ, ಮಗ್ಗಕ್ಕ ಕೂಡ.”

ಅವನು ಮುಖ ತೊಳೆದುಕೊಂಡು ಬಂದು ಕುಣಿಗೆ ಇಳಿದ. ಅವತ್ತು ನಿಂತ ಅಳು ಅವನ ಕಣ್ಣಿಗೆ ಮತ್ತೆ ಬಂದದ್ದನ್ನು ನಾವು ಬಹಳ ದಿನ ಕಾಣಲಿಲ್ಲ.

ಓಣಿಗೆ ದಿಗಿಲು ಬಿತ್ತು. ಹೆಣ್ಣುಹುಡುಗಿಯರಿಗೆ ಈ ವಯಸ್ಸು ಕೆಟ್ಟದ್ದು, ಒಂದು ಹೋದರೆ ಇನ್ನೊಂದಕ್ಕೂ ಅದೇ ಬುದ್ಧಿ ಬರುತ್ತದೆ ಎಂದು ಹಿರಿಯ ಹೆಂಗಸರೆಲ್ಲ ಕೂತು ಮಾತಾಡಿಕೊಂಡರು. ಆಮೇಲೆ ಶುರುವಾಯಿತು ನೋಡಿ ನಮ್ಮ ಕಾವಲು. ಬಚ್ಚಲ ಬಾಗಿಲಿನ ಚಿಲಕ ಕಿತ್ತು ಹಾಕಿದರು. ಮಾಳಿಗೆಗೆ ಒಬ್ಬಳೇ ಹತ್ತುವಂತಿಲ್ಲ. ಮಲಗುವಾಗ ಆಯಿ ತನ್ನ ಸೆರಗಿನ ಚುಂಗನ್ನು ನನ್ನ ಮುಂಗೈಗೆ ಕಟ್ಟಿಕೊಳ್ಳುವಳು. ನಾನು ಮಗ್ಗಲು ಬದಲಿಸಿದರೂ ಅವಳಿಗೆ ಎಚ್ಚರ. ಅರ್ಧ ರೊಟ್ಟಿ ಬಿಟ್ಟು ಎದ್ದರೆ ಮೂರು ಕಡೆಯಿಂದ ಪ್ರಶ್ನೆ.

“ಯಾಕವಾ ಗಿರಿಜಾ, ಮಾರಿ ಸಣ್ಣದಾಗೇತಿ? ಯಾರರ ಏನರ ಅಂದ್ರೇನು? ಹೇಳ ನನ್ನವ್ವಾ.”

ಈ ಕೇಳುವಿಕೆಯಲ್ಲಿ ಅರ್ಧ ಅಕ್ಕರೆ, ಅರ್ಧ ಅನುಮಾನ. ಯಾವನನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯೇನು ಎನ್ನುವುದೇ ಅವರ ಒಳಗಿನ ಪ್ರಶ್ನೆ. ನನಗೆ ಉಸಿರು ಕಟ್ಟುತ್ತಿತ್ತು, ಚೀರಾಡುತ್ತಿದ್ದೆ. ಆದರೂ ನಿಜ ಹೇಳಬೇಕೆಂದರೆ ಹಾಗೆ ಕೇಳಿಸಿಕೊಳ್ಳುವುದರಲ್ಲಿ ಒಂದು ಸುಖವಿತ್ತು. ಅವಳು ಹಾಗೆ ಅಂದಳು, ಇವಳು ಹೀಗೆ ಅಂದಳು ಎಂದು ಆಯಿಯ ತೊಡೆಯ ಮೇಲೆ ತಲೆಯಿಟ್ಟು ಎಲ್ಲ ಒದರಿಬಿಟ್ಟರೆ ಹೊಟ್ಟೆ ಹಗುರಾಗುತ್ತಿತ್ತು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಗಂಡುಹುಡುಗರನ್ನು ಯಾರೂ ಕಾಯಲಿಲ್ಲ.

ಮಾಂತೇಶ ಕಾಲೇಜಿಗೆ ಹೋಗುವುದನ್ನು ಬಿಟ್ಟ. ಯಾಕೆ ಎಂದು ಅಪ್ಪ ಒಂದು ಸಲ ಕೇಳಿದ, ಒಲ್ಲೆ ಎಂದ ಇವನು, ಅಲ್ಲಿಗೆ ಮುಗಿಯಿತು. ಕಸುಬು ಕಲಿಯುತ್ತಾನಲ್ಲ ಎಂದು ಅಪ್ಪನಿಗೆ ಒಳಗೊಳಗೇ ಖುಷಿ. ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ದೊಡ್ಡವರೇ ಬೇಸತ್ತು ಬೈದುಕೊಳ್ಳುವ ಕೆಲಸ. ಇವನು ತುಟಿ ಬಿಚ್ಚದೆ, ತಲೆ ಎತ್ತದೆ ಇಡೀ ದಿನ ಅದನ್ನೇ ಮಾಡುವನು. ಗೆಳೆಯರು ಕರೆದರೆ ಹೊರಗೆ ಹೋಗಲಿಲ್ಲ. ಪ್ರಾಣದಂತೆ ಇಟ್ಟುಕೊಂಡಿದ್ದ ಬ್ಯಾಟನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟ. ಊಟಕ್ಕೆ ಗಂಡಸರು ಮೊದಲು ಕೂಡುವರು. ಅಪ್ಪನ ಪಕ್ಕ ಕೂತು ಒಂದು ರೊಟ್ಟಿ ಮುರಿದು, ಪಲ್ಯದಲ್ಲಿ ಬೆರಳಾಡಿಸಿ ಎದ್ದುಬಿಡುವನು. ನಾನು ಬಿಟ್ಟ ಅರ್ಧ ರೊಟ್ಟಿಗೆ ಪಂಚಾಯತಿ ಸೇರಿಸುತ್ತಿದ್ದ ಮನೆಯಲ್ಲಿ ಅವನ ತಾಟನ್ನು ಯಾರೂ ನೋಡಲಿಲ್ಲ. ಗಂಡುಹುಡುಗ, ಹೊರಗೆ ಏನಾದರೂ ತಿಂದಿರುತ್ತಾನೆ ಬಿಡು ಎಂದರು. ಹೊರಗೇ ಹೋಗದವನು ಹೊರಗೆ ಏನು ತಿಂದಾನು, ಇಷ್ಟು ಯೋಚನೆ ಮಾಡುವ ಒಂದು ತಲೆಯೂ ಅಲ್ಲಿ ಇರಲಿಲ್ಲ. ಬಂದವರ ಮುಂದೆ ಆಯಿ ಹೆಮ್ಮೆಯಿಂದ ಹೇಳುತ್ತಿದ್ದಳು.

“ನಮ್ಮ ಮಾಂತ್ಯಾ ಭಾಳ ಶ್ಯಾಣ್ಯಾ ಆಗ್ಯಾನವಾ. ಒಂದ ಮಾತಿಲ್ಲ, ಕತಿಯಿಲ್ಲ. ಮಗ್ಗದ ಸಪ್ಪಳಾ ಕೇಳ, ಹೆಂಗ ಒಂದ ಸಮ ಬರಾಕತ್ತೈತಿ.”

ಸಪ್ಪಳ ನಿಜಕ್ಕೂ ಒಂದೇ ಸಮ ಬರುತ್ತಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಅದು ನಿಂತಿತು. ನೀರು ಕುಡಿಯಲು ಎದ್ದಿರಬೇಕು ಎಂದುಕೊಂಡಳು ಅವ್ವ. ಆಮೇಲೆ ಪಡಸಾಲೆಯಿಂದ ಆಯಿಯ ಕೂಗು ಕೇಳಿಸಿತು. ನಾವು ಓಡಿದೆವು. ಜೀವ ಇತ್ತು. ಅಷ್ಟೇ ಇತ್ತು.

ಊರಿನ ದವಾಖಾನೆಯಲ್ಲಿ ಕೈಲಾದದ್ದು ಮಾಡಿ ಬಾಗಲಕೋಟೆಗೆ ಒಯ್ಯಿರಿ ಎಂದರು. ಬಾಡಿಗೆ ಗಾಡಿಯಲ್ಲಿ ಅವನ ತಲೆ ನನ್ನ ತೊಡೆಯ ಮೇಲೆ, ಕಾಲು ಅವ್ವನ ತೊಡೆಯ ಮೇಲೆ. ಹುನಗುಂದ ದಾಟುವ ತನಕ ಅವ್ವ ಅವನ ಅಂಗಾಲು ತಿಕ್ಕುತ್ತ ಮಾಂತಾ, ಮಾಂತಾ ಎನ್ನುತ್ತಲೇ ಇದ್ದಳು. ಅಮೀನಗಡದಲ್ಲಿ ನೀರಿಗೆಂದು ಗಾಡಿ ನಿಲ್ಲಿಸಿದರು. ಕರದಂಟಿನ ಅಂಗಡಿಯವನು ಒಳಗೆ ಇಣುಕಿ ಏನಾಗೇತ್ರಿ ಹುಡುಗಗ ಎಂದು ಕೇಳಿದ. ಹೊಟ್ಟಿನೋವು ಎಂದ ಅಪ್ಪ. ಅವನು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಾಡಿ ಹೊರಟ ಮೇಲೂ ಗುರುತಿನವರು ಯಾರಾದರೂ ನೋಡಿದರೇನೋ ಎಂದು ತಿರುಗಿ ನೋಡುತ್ತಿದ್ದ. ನನಗೆ ಎಷ್ಟು ಸಿಟ್ಟು ಬಂತೆಂದರೆ, ತೊಡೆಯ ಮೇಲೆ ಇವನ ತಲೆ ಇರದಿದ್ದರೆ ಅಪ್ಪ ಎನ್ನುವುದನ್ನೂ ನೋಡದೆ ಏನಾದರೂ ಅಂದುಬಿಡುತ್ತಿದ್ದೆ.

ಬಾಗಲಕೋಟೆಯ ಹೊಸ ಬಡಾವಣೆ ನವನಗರದ ದವಾಖಾನೆಯಲ್ಲಿ ಮಾಂತೇಶ ಬದುಕಿದ. ಕಣ್ಣು ತೆರೆದು ಗಂಜಿ ಕುಡಿಯುವಂತಾದ ಮೇಲೆ ಬೇರೊಬ್ಬ ಡಾಕ್ಟರು ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಮನಸ್ಸಿನ ಡಾಕ್ಟರು ಎಂದು ನರ್ಸು ಹೇಳಿದ್ದಳು. ಅವ್ವ ಸೆರಗು ಹೊದ್ದು ಗೋಡೆಗೆ ಆತು ನಿಂತಳು, ಅಪ್ಪ ಮಂಚದ ತಲೆದೆಸೆಯಲ್ಲಿ.

“ಮಾಂತೇಶ, ಈಗ ಹೆಂಗ ಅನಸಾಕತ್ತೈತಪಾ?”

“ಆರಾಮ ಅದಾನ್ರಿ ಸಾಹೇಬ್ರ,” ಎಂದ ಅಪ್ಪ.

“ನಾ ಹುಡುಗನ್ನ ಕೇಳೇನ್ರಿ ಯಜಮಾನ್ರ. ಹೇಳಪಾ, ಒಳಗ ಏನ ಆಗ್ತಿತ್ತು?”

“ಏನಿಲ್ರಿ, ಹೊಟ್ಟಿನೋವು,” ಎಂದ ಅಪ್ಪ ಮತ್ತೆ.

ಡಾಕ್ಟರು ಅಪ್ಪನ ಕಡೆ ನೋಡಲೇ ಇಲ್ಲ, ಹುಡುಗನ ಮುಖವನ್ನೇ ನೋಡುತ್ತ ಕೂತರು. ಮಾಂತೇಶ ಬಾಯಿ ತೆರೆದ, ಮುಚ್ಚಿದ. ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ಸುಮ್ಮನೆ ಕಾದು ಕೂತದ್ದೇ ಇಲ್ಲ. ಅಷ್ಟರಲ್ಲಿ ನಾನೋ ಅವ್ವನೋ ಹತ್ತು ಮಾತು ಆಡಿ ಮುಗಿಸಿರುತ್ತಿದ್ದೆವು. ಕೊನೆಗೆ ಅವನು ಹೇಳಿದ.

“ಗೊತ್ತಿಲ್ರಿ. ಅದಕ್ಕ ಏನಂತಾರ ನನಗ ಗೊತ್ತಿಲ್ರಿ.”

ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಡಾಕ್ಟರು ಅವನ ಕೈ ಮೇಲೆ ಕೈಯಿಟ್ಟು, ಗೊತ್ತಿಲ್ಲದಿದ್ದರೆ ಇಬ್ಬರೂ ಕೂಡಿ ಹುಡುಕೋಣ, ಅವಸರವಿಲ್ಲ ಎಂದರು. ನಮ್ಮನ್ನು ಹೊರಗೆ ಕರೆದು, ಇದು ಹೇಡಿತನವೂ ಅಲ್ಲ, ಸೊಕ್ಕೂ ಅಲ್ಲ, ವಾಸಿಯಾಗುವ ಕಾಯಿಲೆ, ಆದರೆ ನಡುವೆ ಕೈಬಿಟ್ಟರೆ ಮತ್ತೆ ಜೀವಕ್ಕೆ ಬರುತ್ತದೆ ಎಂದು ತಿಳಿಸಿ ಹೇಳಿದರು. ಒಬ್ಬನನ್ನೇ ಬಿಡಬೇಡಿ, ತಿಂಗಳಿಗೊಮ್ಮೆ ತಪ್ಪದೆ ಕರೆತನ್ನಿ, ಗುಳಿಗೆ ನಿಲ್ಲಿಸಬೇಡಿ ಎಂದರು. ಅಪ್ಪ ಎಲ್ಲದಕ್ಕೂ ಹೂಂನ್ರಿ, ಹೂಂನ್ರಿ ಎಂದ.

ಊರಿಗೆ ಬಂದ ದಿನ ಅಪ್ಪ ಮಾಡಿದ ಕೆಲಸವನ್ನು ನಾನು ಈಗಲೂ ಮರೆತಿಲ್ಲ. ಮಗ್ಗದ ಮೇಲೆ ಮಾಂತೇಶ ಅರ್ಧ ನೇಯ್ದಿದ್ದ ಸೀರೆ ಹಾಗೇ ಇತ್ತು. ಅಪ್ಪ ಸುತ್ತಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ, ಕಿಟಕಿಯ ಬೆಳಕಿಗೆ ಗೇಣು ಗೇಣಾಗಿ ಎತ್ತಿ ಹಿಡಿದು ನೋಡತೊಡಗಿದ. ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ನೋಡಿದ, ಉಗುರಿನಿಂದ ಎಳೆ ಮೀಟಿ ನೋಡಿದ. ಎಲ್ಲಾದರೂ ಒಂದು ಕಡೆ ಸಡಿಲ ಸಿಕ್ಕೀತು, ಒಂದು ಎಳೆ ತಪ್ಪಿದ್ದೀತು, ಮಗನ ಸಂಕಟ ಇಲ್ಲಿಂದ ಶುರುವಾಯಿತು ಎಂದು ಬೊಟ್ಟು ಮಾಡಿ ತೋರಿಸಬಹುದು ಎಂದು ಹುಡುಕುತ್ತಿದ್ದ. ದಡಿಯಿಂದ ದಡಿಯವರೆಗೆ ಒಂದೇ ಒಂದು ತಪ್ಪು ಇರಲಿಲ್ಲ.

“ಇಷ್ಟ ಚಂದ ನೇಯ್ದಾನಲ್ಲವಾ,” ಎಂದ ಆಯಿಯ ಕಡೆ ತಿರುಗಿ. “ಇಷ್ಟ ಚಂದ ನೇಯ್ದಾನ. ನನಗ ಹೆಂಗ ಗೊತ್ತಾಗಬೇಕು?”

ಸಂಜೆಗೆ ಆಯಿ ನನ್ನ ಪಕ್ಕದಲ್ಲಿದ್ದ ತನ್ನ ಹಾಸಿಗೆಯನ್ನು ಸುರುಳಿ ಸುತ್ತಿ ಎತ್ತಿಕೊಂಡು ಹೋಗಿ ಪಡಸಾಲೆಯಲ್ಲಿ ಮಾಂತೇಶನ ಪಕ್ಕ ಹಾಸಿದಳು. ಸೆರಗಿನ ಚುಂಗು ಹಿಡಿದು ಅವನ ಕೈ ಎಳೆದಾಗ ಅವನಿಗೆ ನಾಚಿಕೆಯಾಯಿತು.

“ಏ ಬಿಡಾಯಿ. ನಾ ಏನ ಹೆಣ್ಣಹುಡಿಗ್ಯಾ?”

“ಅಲ್ಲಪಾ. ಹೆಣ್ಣಾಗಿದ್ರ ಎಂದೋ ಕೇಳ್ತಿದ್ವಿ.”

ಅವನು ಆಮೇಲೆ ಕೈ ಎಳೆದುಕೊಳ್ಳಲಿಲ್ಲ.

ಮೊದಲ ತಿಂಗಳು ಮುಗಿದು ಡಾಕ್ಟರ ಬಳಿ ಹೋಗುವ ದಿನ ಬಂದಾಗ ಮನೆಯಲ್ಲಿ ಜಗಳ ಎದ್ದಿತು. ಹುಚ್ಚರ ಡಾಕ್ಟರ ಕಡೆ ಮಗನನ್ನು ಕರೆದೊಯ್ದರೆ ಓಣಿಯಲ್ಲಿ ತಲೆ ಎತ್ತುವಂತಿಲ್ಲ, ನಾಳೆ ಗಿರಿಜಾಳನ್ನು ಯಾರು ಮಾಡಿಕೊಳ್ಳುತ್ತಾರೆ, ಇವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಅಪ್ಪ ಹಟ ಹಿಡಿದ. ಗುಳಿಗೆ ಇಲ್ಲೇ ತಂದರಾಯಿತು ಎಂದ. ನಾನು ಚೀರಿದೆ. ಆಯಿ ಅಪ್ಪನಿಗೆ ಬೈದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಹೆಂಚಿನ ಮೇಲಿನ ರೊಟ್ಟಿ ಮಗುಚಿ, ಕೈ ಕೊಡವಿ, ತಿರುಗಿ ಕೂತಳು.

“ನನಗ ಆಗೇತಿ ಅಂತ ಹೇಳ್ರಿ.”

“ಏನ?”

“ನನ್ನ ತಲ್ಯಾಗ ನರದ ಬ್ಯಾನಿ ಐತಿ, ತಿಂಗಳ ತಿಂಗಳ ತೋರಸಾಕ ಹೊಂಟಾಳ, ಜೋಡಿ ಮಗನ್ನ ಕರಕೊಂಡ ಹೊಂಟಾಳ ಅಂತ ಹೇಳ್ರಿ. ಹೆಂಗಸರಿಗೆ ಏನರ ಒಂದ ಆಗೇ ಇರತೈತಿ. ಯಾರ ಕೇಳ್ತಾರ?”

ಅಪ್ಪನಿಗೆ ಹಾದಿ ಸಿಕ್ಕಿತು. ಅವ್ವ ಮತ್ತು ಮಾಂತೇಶ ಮುಂಜಾನೆಯ ಬಸ್ಸಿಗೆ ಹೋಗಿ ಕತ್ತಲಾಗುವುದರೊಳಗೆ ಬರುವರು. ಬಸ್ಸಿನಲ್ಲಿ ಗುರುತಿನವರು ಸಿಕ್ಕರೆ ಅವ್ವ ಹಣೆಗೆ ಬಟ್ಟೆ ಬಿಗಿದುಕೊಂಡು ಮಗನ ಹೆಗಲಿಗೆ ಒರಗುವಳು. ಅಂಥ ನಟನೆ ಅವಳಿಗೆ ಹೇಗೆ ಬಂತೋ! ಆದರೆ ಓಣಿ ಅವಳು ಎಣಿಸಿದಂತೆ ಸುಮ್ಮನಿರಲಿಲ್ಲ. ನರದ ಬೇನೆ ಎನ್ನುವುದು ಎರಡು ತಿಂಗಳಲ್ಲಿ ತಲೆಕೆಟ್ಟದ್ದಾಯಿತು. ಹೆರಿಗೆಯಾದ ಮನೆಯಲ್ಲಿ ಅವಳ ಕೈಗೆ ಕೂಸು ಕೊಡಲಿಲ್ಲ. ನಮ್ಮ ಕಡೆಯ ಯಾವ ಮದುವೆಯಲ್ಲೂ ಮದುಮಕ್ಕಳನ್ನು ಕೂಡಿಸಿ ಸುತ್ತ ನೂಲಿನ ಸುರಗಿ ಸುತ್ತುವಾಗ ಸೋಬಾನೆ ಎತ್ತುತ್ತಿದ್ದವಳು ಅವ್ವನೇ. ಅವಳು ಮೊದಲ ಸಾಲು ಹೇಳಿದರೆ ಉಳಿದವರು ಹಿಂದೆ ದನಿಗೂಡಿಸುವರು. ಆ ವರ್ಷದ ಮದುವೆಗಳಿಗೆ ಅವಳನ್ನು ಊಟಕ್ಕೆ ಕರೆದರು, ಹಾಡಿಗೆ ಕರೆಯಲಿಲ್ಲ. ಮಂಗಲಕಾರ್ಯದಲ್ಲಿ ತಲೆ ಸರಿಯಿಲ್ಲದವಳ ಬಾಯಿಂದ ಏನು ಬಂದೀತೋ ಎಂದು ಹೆದರಿದರಂತೆ. ಅವ್ವ ಊಟ ಮಾಡಿ ಬಂದು ಸುಮ್ಮನೆ ರಾಟಿಗೆ ಕೂತಳು. ನಾನು ಅವರ ಮನೆಯ ಮುಂದೆ ಹೋಗಿ ಬಾಯಿ ಮಾಡುತ್ತೇನೆ ಎಂದು ಹೊರಟಾಗ ನನ್ನ ಜಡೆ ಹಿಡಿದು ಎಳೆದು ಕೂಡಿಸಿದಳು.

“ಅಂದ್ರ ಅನ್ಲಿ ಬಿಡ. ಅಂವ ಊಟ ಮಾಡಾಕತ್ತಾನಿಲ್ಲ?”

ಹೌದು, ಅವನು ಊಟ ಮಾಡುತ್ತಿದ್ದ. ಒಂದೊಂದು ಮಾತೂ ಆಡುತ್ತಿದ್ದ. ಅಕ್ಕಾ, ಇವತ್ತ ತಳಮಳ ಭಾಳ ಐತಿ ಎಂದು ನನ್ನ ಹತ್ತಿರ ಬಂದು ಮೊದಲ ಸಲ ಹೇಳಿದ ದಿನ ನಾನು ಅಡಿಗೆಮನೆಗೆ ಹೋಗಿ ಅತ್ತೆ. ಕೆಟ್ಟ ದಿನಗಳೂ ಇದ್ದವು. ಹಾಸಿಗೆ ಬಿಟ್ಟು ಏಳದ, ಗುಳಿಗೆ ಉಗುಳಿದ, ನನ್ನನ್ನ ಯಾಕ ಉಳಿಸಿದ್ರಿ ಎಂದು ಆಯಿಗೆ ಕೇಳಿದ ದಿನಗಳು. ಅಂಥ ದಿನ ಮನೆಯಲ್ಲಿ ಯಾರೂ ಕೆಲಸಕ್ಕೆ ಹೋಗುತ್ತಿರಲಿಲ್ಲ, ಅವನ ಸುತ್ತ ಕೂಡುತ್ತಿದ್ದೆವು. ಇದನ್ನೆಲ್ಲ ಬರೆಯಲೇನೋ ಎಂದು ನಾನು ಹೋದ ತಿಂಗಳು ಅವನನ್ನೇ ಕೇಳಿದೆ. ಈಗ ಅವನ ಕೂದಲೂ ಬೆಳ್ಳಗಾಗಿವೆ, ಮಗ್ಗ ಮಾತ್ರ ಬಿಟ್ಟಿಲ್ಲ. ಬರಿ, ಆದ್ರ ಅವ್ವನ ಮ್ಯಾಲಿನ ಆ ಹೆಸರ ಮೊದಲ ತೆಗಿ ಎಂದ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು. ಓಣಿಯ ಹಳಬರು ಇವತ್ತಿಗೂ ಅವಳ ಸುದ್ದಿ ಬಂದರೆ ಪಾಪ, ತಲಿ ಸರಿ ಇದ್ದಿಲ್ಲ ಎನ್ನುತ್ತಾರೆ. ಸರಿ ಇತ್ತು. ಆ ಓಣಿಯಲ್ಲಿ ಸರಿ ಇದ್ದ ತಲೆ ಅದೊಂದೇ.

ಮರುವರ್ಷ ನನ್ನನ್ನು ನೋಡಲು ಶಿರೂರಿನಿಂದ ಬಂದರು. ಹುಡುಗನಿಗೆ ನವನಗರದ ಕಚೇರಿಯೊಂದರಲ್ಲಿ ನೌಕರಿ. ಜೊತೆಗೆ ಅವನ ತಂದೆ ಮತ್ತು ಒಂದೇ ಮನೆಯಲ್ಲಿರುವ ಚಿಗವ್ವ, ಅಂದರೆ ಚಿಕ್ಕಪ್ಪನ ಹೆಂಡತಿ. ಉಪ್ಪಿಟ್ಟು, ಚಹಾ ಆಯಿತು. ನಾನು ನಮಸ್ಕಾರ ಮಾಡಿ ಕೂತೆ. ಮಾಂತೇಶನನ್ನು ಮಗ್ಗದ ಕುಣಿಯೊಳಗೆ ಕೂಡಿಸಿದ್ದರು, ನೇಯಬೇಡ, ಸುಮ್ಮನೆ ಕೂಡು ಎಂದು. ಅವ್ವ ಅಡಿಗೆಮನೆ ಬಿಟ್ಟು ಬರಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು.

“ಹುಡಿಗಿ ಮನಸಿಗೆ ಬಂದಾಳ್ರಿ. ಆದ್ರ ಓಣ್ಯಾಗ ಒಂದ ಮಾತ ಕಿವಿಗೆ ಬಿತ್ತು. ತಾಯಿಗೆ ತಲಿ ಸರಿ ಇಲ್ಲಂತಲ್ರಿ? ನಾಳಿ ಹುಡಿಗೀಗೂ ಅದ ಬಂದ್ರ ನಾವೇನ ಮಾಡೂದು?”

ಅಪ್ಪ ನೆಲ ನೋಡುತ್ತ ಕೂತ. ಹೌದು ಎಂದರೆ ಮಗಳ ಸಂಬಂಧ ಹೋಗುತ್ತದೆ, ಅಲ್ಲ ಎಂದರೆ ಮಗನ ಗುಟ್ಟು ಹೋಗುತ್ತದೆ. ಅಷ್ಟರಲ್ಲಿ ಮಾಂತೇಶ ಕುಣಿಯಿಂದ ಮೇಲೆ ಬಂದ. ಮಗ್ಗದ ಗೂಟ ಹಿಡಿದು ನಿಂತ.

“ನಮ್ಮವ್ವಗ ಏನೂ ಆಗಿಲ್ರಿ. ದವಾಖಾನಿಗೆ ಹೋಗಾಂವ ನಾ. ಹ್ವಾದ ವರ್ಷ ನಾ ಸಾಯಾಕ ಹೋಗಿದ್ದೆ. ಈಗ ಗುಳಿಗಿ ತಗೋತೇನಿ, ಡಾಕ್ಟರ ಮುಂದ ಎಲ್ಲಾ ಹೇಳ್ತೇನಿ. ನಮ್ಮವ್ವ ನನ್ನ ಸಲುವಾಗಿ ಹೆಸರ ಕೆಡಿಸಿಕೊಂಡಾಳ್ರಿ.”

ಅವ್ವ ಒಳಗಿನಿಂದ ಓಡಿ ಬಂದು ಅವನ ಬಾಯಿ ಮುಚ್ಚಿದಳು. ಅವನು ಅವಳ ಕೈಯನ್ನು ಮೆಲ್ಲಗೆ ತೆಗೆದ.

“ಬಿಡ ಬೇ ಯವ್ವಾ. ಸಾಕು.”

ಅವರು ಎದ್ದರು. ನೋಡಿ ಹೇಳ್ತೇವ್ರಿ ಎಂದರು, ಅದರ ಅರ್ಥ ಎಲ್ಲರಿಗೂ ಗೊತ್ತು. ನನಗೆ ಆ ಹೊತ್ತಿನಲ್ಲಿ ವರ ಹೋದದ್ದು ಲಕ್ಷ್ಯದಲ್ಲೇ ಇರಲಿಲ್ಲ. ತಮ್ಮನನ್ನೇ ನೋಡುತ್ತಿದ್ದೆ. ಗಂಡಸರು ಓಣಿಗೆ ಇಳಿದಾಗಿತ್ತು. ಚಿಗವ್ವ ಮಾತ್ರ ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತ ತಡಮಾಡಿದಳು. ಸಣ್ಣ ಆಳು, ಕೈತುಂಬ ಹಸಿರು ಬಳೆ. ಹೊರಗೊಮ್ಮೆ ನೋಡಿ ಮಾಂತೇಶನ ಹತ್ತಿರ ಬಂದು ಪಿಸುದನಿಯಲ್ಲಿ ಕೇಳಿದಳು.

“ಯಾವ ಡಾಕ್ಟ್ರ ತಮ್ಮಾ? ನವನಗರದಾಗ ಎಲ್ಲಿ ಬರ್ತೈತಿ?”

ಅವನು ಹೇಳಿದ.

“ನಮ್ಮನ್ಯಾಗೂ ಒಬ್ಬಾಂವ ಅದಾನ. ನನ್ನ ಮಗ, ನಿನ್ನ ವಾರಗೀಯಾಂವ. ಮಾತಾಡೂದ ಬಿಟ್ಟಾನ. ಏನ ಕೇಳಿದ್ರೂ ಗ್ವಾಡಿ ನೋಡ್ತಾನ.”

“ಕರಕೊಂಡ ಬರ್ರಿ ಚಿಗವ್ವಾರ. ತಿಂಗಳಿನ ಮೊದಲನೇ ಸೋಮವಾರ ನಾ ಅಲ್ಲೇ ಇರ್ತೇನಿ. ಅಂಜಬ್ಯಾಡ್ರಿ, ನಾ ಜೋಡಿ ಒಳಗ ಬರ್ತೇನಿ.”

ಅವಳು ತಲೆ ಆಡಿಸಿ ಗಂಡಸರ ಹಿಂದೆ ಓಡಿದಳು.

ಆಮೇಲೆ ಓಣಿ ಅವ್ವನ ಹೆಸರನ್ನು ತೊಳೆಯಿತೇ? ಎಲ್ಲಿಯ ಮಾತು! ತಾಯಿ ಮಗ ಇಬ್ಬರಿಗೂ ಐತಂತ ಎಂದು ಇನ್ನೊಂದು ಸೇರಿಸಿತು. ಆದರೆ ಮನೆಯಲ್ಲಿ ಬಚ್ಚಿಡುವುದು ನಿಂತಿತು. ಅಪ್ಪನೂ ಒಂದೆರಡು ಸಲ ದವಾಖಾನೆಗೆ ಹೋಗಿ ಬಂದ. ಮಾಂತೇಶ ಹೋದಾಗಲೆಲ್ಲ ಮೊದಲು ಬೆಂಚುಗಳನ್ನು ನೋಡುತ್ತಾನೆ, ಯಾರಿಗೋ ಕಾಯುತ್ತಾನೆ ಎಂದು ಅವ್ವ ಹೇಳುತ್ತಿದ್ದಳು. ಶಿರೂರಿನಿಂದ ನವನಗರ ಏನು ದೂರ, ನಮಗಿಂತ ಎಷ್ಟೋ ಹತ್ತಿರ. ಚಳಿಗಾಲ ಹೋಯಿತು, ಬೇಸಿಗೆ ಬಂತು, ಚಿಗವ್ವ ಬರಲಿಲ್ಲ. ಮನಿಯಾಗ ಬಿಡವಲ್ಲರೇನೋ ಎಂದ ಒಂದು ಸಲ. ಇನ್ನೊಂದು ಸಲ, ಹುಡುಗಗ ಆರಾಮ ಆಗಿರಬೇಕ ಎಂದು ನನ್ನ ಮುಖ ನೋಡಿದ.

ಅವ್ವನಿಗೆ ನಿಜಕ್ಕೂ ಜ್ವರ ಬಂದ ತಿಂಗಳು ಅವನ ಜೊತೆ ನಾನು ಹೋದೆ. ಬಸ್ಸಿಳಿದು, ಎಲ್ಲ ಓಣಿಗಳೂ ಒಂದೇ ನಮೂನೆ ಕಾಣುವ ಆ ಹೊಸ ಊರಿನಲ್ಲಿ ಬಿಸಿಲಿಗೆ ನಡೆದು ದವಾಖಾನೆ ಸೇರಿದೆವು. ಒಳಗೆ ಕಾಲಿಟ್ಟವನೇ ಮಾಂತೇಶ ನಿಂತುಬಿಟ್ಟ. ಕೊನೆಯ ಬೆಂಚಿನ ತುದಿಯಲ್ಲಿ ಚಿಗವ್ವ ಕೂತಿದ್ದಳು. ನಮ್ಮನ್ನು ಕಂಡರೂ ಏಳಲಿಲ್ಲ. ಮಾಂತೇಶ ಅವಳ ಪಕ್ಕದ ಜಾಗ ನೋಡಿದ, ಬಾಗಿಲು ನೋಡಿದ, ಹೊರಗಿನ ನೀರಿನ ನಲ್ಲಿಯ ಕಡೆ ನೋಡಿದ. ಅವಳು ಒಬ್ಬಳೇ ಬಂದಿದ್ದಳು.

“ಚಿಗವ್ವಾರ, ಅಂವ ಎಲ್ಲಿ?”

ಅವಳು ಪಕ್ಕದ ಖಾಲಿ ಜಾಗದ ಮೇಲೆ ಕೈಯಾಡಿಸಿದಳು.

“ಕರಕೊಂಡ ಹೋಗೂಣು ಅಂದೆ ತಮ್ಮಾ. ದಿನಾ ಅಂದೆ. ಗಂಡಹುಡುಗ, ತಡಕೋತಾನ ಬಿಡ ಅಂದ್ರು. ಹ್ವಾದ ತಿಂಗಳ ನಮ್ಮನ್ನ ಬಿಟ್ಟ ಹೋಗಿಬಿಟ್ಟ.”

ಮಾಂತೇಶ ಅವಳ ಪಕ್ಕ ಕೂತ. ಅವನ ಕಣ್ಣಿಂದ ನೀರು ಹರಿದು ಗದ್ದಕ್ಕೆ ಇಳಿಯುತ್ತಿತ್ತು. ಎದುರಿನ ಬೆಂಚಿನ ಗಂಡಸರೆಲ್ಲ ಅವನನ್ನೇ ನೋಡುತ್ತಿದ್ದರು, ಅವನು ಒರೆಸಿಕೊಳ್ಳಲಿಲ್ಲ. ನರ್ಸು ಬಾಗಿಲಿಗೆ ಬಂದು ಅವನ ಹೆಸರು ಕರೆದಳು. ಅವನು ಎದ್ದು, ಚಿಗವ್ವನ ರಟ್ಟೆ ಹಿಡಿದು ಎಬ್ಬಿಸಿದ.

“ಇವರನ್ನ ಮೊದಲ ಕೇಳ್ರಿ,” ಎಂದ.